ಪ್ರಭುತ್ವವೂ ಧರ್ಮಪೀಠದ ಹೊಣೆಯೂ

 

ಶ್ರೀಮಠದ ಈ ಮಹೋತ್ಸವದಲ್ಲಿ ಎರಡು ಮಾತುಗಳನ್ನು ಬಿನ್ನವಿಸಲು ಅಪ್ಪಣೆಯಾದುದು ನನ್ನ ಸುಕೃತವೇ ಸರಿ. ರಾಜ್ಯಾಧಿಕಾರವು ಅಧರ್ಮಕ್ಕೆ ಇಳಿದಾಗ ಧರ್ಮಪೀಠದ ಹೊಣೆಯೇನು? ಇದಕ್ಕೆ ದೂರದೇಶದ ಒಂದು ನಿದರ್ಶನವನ್ನು ತಮ್ಮ ಮುಂದಿಡುವೆನು.

1933ರಲ್ಲಿ ಹಿಟ್ಲರನು ಜರ್ಮನಿಯ ಅಧಿಕಾರವನ್ನು ಹಿಡಿದನು. ಅದೇ ವರ್ಷ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ ಎಂಬವರು ಮ್ಯೂನ್‌ಸ್ಟರ್ ನಗರದ ಕ್ಯಾಥೊಲಿಕ್ ಧರ್ಮಾಧ್ಯಕ್ಷರಾದರು. ಹೊಗಳಿಕೆಗೂ ಹೆದರಿಕೆಗೂ ಬಾಗದಿರುವುದೇ ಅವರು ಆರಿಸಿಕೊಂಡ ಧ್ಯೇಯವಾಕ್ಯದ ತಾತ್ಪರ್ಯವಾಗಿತ್ತು. 1941ರ ಜುಲೈ ತಿಂಗಳಲ್ಲಿ ಗುಪ್ತಪೋಲೀಸರು ಅಲ್ಲಿಯ ಮಠಗಳನ್ನು ಕಿತ್ತುಕೊಂಡು ಸನ್ಯಾಸಿಗಳನ್ನೂ ಸನ್ಯಾಸಿನಿಯರನ್ನೂ ಹೊರದೂಡಿದರು. ಜುಲೈ 13 ಮತ್ತು 20ರ ಪ್ರವಚನಗಳಲ್ಲಿ ಗಾಲೆನ್ನರು ಇದನ್ನೂ, ವಿಚಾರಣೆಯಿಲ್ಲದೆ ಪ್ರಜೆಗಳನ್ನು ಸೆರೆಗೊಯ್ಯುವುದನ್ನೂ ಬಹಿರಂಗವಾಗಿ ಖಂಡಿಸಿದರು.

ತನ್ನ ಮಠಕ್ಕೆ ಕೇಡು ಬಂದಾಗ ಪೀಠಸ್ಥರು ದನಿಯೆತ್ತುವುದು ಸಹಜವಷ್ಟೆ. ಆದರೆ ಆಗಸ್ಟ್ 3ರಂದು ಅವರು ಆಡಿದ ಮಾತು ಮಠದ ಎಲ್ಲೆಯನ್ನು ದಾಟಿತು. ಬುದ್ಧಿವಿಕಲರನ್ನೂ ವಾಸಿಯಾಗದ ರೋಗಿಗಳನ್ನೂ ಆಸ್ಪತ್ರೆಗಳಿಂದ ಸಾಗಿಸಿ ಸರ್ಕಾರವೇ ಗುಟ್ಟಾಗಿ ಕೊಲ್ಲಿಸುತ್ತಿತ್ತು. ಮನೆಯವರಿಗೆ ಸುಳ್ಳು ಕಾರಣವನ್ನು ಬರೆದು ಕಾಗದ ಕಳುಹಿಸುತ್ತಿತ್ತು. ದುಡಿಯಲಾರದವನು ನಾಡಿಗೆ ಭಾರವೆಂಬುದೇ ಅದರ ತರ್ಕ. ಹೀಗೆ 70,000ಕ್ಕೂ ಹೆಚ್ಚು ಮಂದಿ ವಿಷಾನಿಲಕ್ಕೆ ಬಲಿಯಾದರು. ಈ ತರ್ಕವನ್ನೊಪ್ಪಿದರೆ ನಾಳೆ ವೃದ್ಧರಿಗೂ, ಯುದ್ಧದಲ್ಲಿ ಅಂಗಹೀನರಾದ ಯೋಧರಿಗೂ ಇದೇ ಗತಿಯೆಂದು ಗಾಲೆನ್ನರು ಎಚ್ಚರಿಸಿದರು. ಇದು ಕೊಲೆಯೆಂದು ತಾವು ನ್ಯಾಯಾಧಿಕಾರಿಗಳಿಗೆ ದೂರಿತ್ತುದನ್ನೂ ತಿಳಿಸಿದರು.

ಆ ಪ್ರವಚನಗಳನ್ನು ಜನರು ಪ್ರತಿಮಾಡಿ ಗುಟ್ಟಾಗಿ ಹಂಚಿದರು. ಪ್ರಜೆಗಳು ತಿರುಗಿಬಿದ್ದಾರೆಂಬ ಭಯದಿಂದ ಸರ್ಕಾರವು ಅವರನ್ನು ಮುಟ್ಟಲಿಲ್ಲ. ಆಗಸ್ಟ್ 24ರಂದು ಆ ಏರ್ಪಾಡನ್ನು ನಿಲ್ಲಿಸಲು ಹಿಟ್ಲರನು ಆಜ್ಞೆಯಿತ್ತನು. ಆದರೂ ಕೊಲೆಗಳು ಬೇರೆ ಮಾರ್ಗದಿಂದ 1945ರ ವರೆಗೆ ನಡೆದವು. ಪ್ರವಚನಗಳನ್ನು ಹಂಚಿದ ಲ್ಯೂಬೆಕ್ ಪಟ್ಟಣದ ಪಾದ್ರಿಗಳು ನಾಲ್ವರು, ಮೂವರು ಕ್ಯಾಥೊಲಿಕರು ಮತ್ತು ಒಬ್ಬರು ಪ್ರಾಟೆಸ್ಟೆಂಟರು, 1943ರ ನವೆಂಬರ್ 10ರಂದು ಶಿರಚ್ಛೇದಕ್ಕೆ ಒಳಗಾದರು.

ಇನ್ನೊಂದು ಸತ್ಯವನ್ನೂ ಮರೆಮಾಚಲಾಗದು. ಯೆಹೂದ್ಯರ ಮೇಲೆ ನಡೆದ ಘೋರವನ್ನು ಕುರಿತು ಗಾಲೆನ್ನರು ಇಷ್ಟೇ ಗಟ್ಟಿಯಾಗಿ ಬಹಿರಂಗದಲ್ಲಿ ನುಡಿಯಲಿಲ್ಲ. ಧೀರರ ಕರುಣೆಗೂ ಒಂದು ಗಡಿಯಿರುವುದುಂಟು. ಆ ಗಡಿಯನ್ನು ಅಳಿಸುವ ಯತ್ನವೇ 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಸಾರಿದ ಮಾನವ ಹಕ್ಕುಗಳ ಘೋಷಣೆ. ಜೀವಿಸುವ ಹಕ್ಕು ಪ್ರತಿಯೊಬ್ಬನದೆಂದು ಅದರ 3ನೆಯ ವಿಧಿಯೂ, ಮನಸ್ಸಾಕ್ಷಿ ಮತ್ತು ಧರ್ಮಗಳ ಸ್ವಾತಂತ್ರ್ಯವು ಪ್ರತಿಯೊಬ್ಬನದೆಂದು 18ನೆಯ ವಿಧಿಯೂ ಸಾರುತ್ತವೆ.

ಶರಣಬಂಧುಗಳೇ, ಕಾಯಕವನ್ನು ನಾವು ಪೂಜ್ಯವೆಂದು ಬಗೆದವರು. ಆದರೆ ಕಾಯಕಮಾಡಲಾರದವನಿಗೂ ದಾಸೋಹದ ಪಂಕ್ತಿಯಲ್ಲಿ ಎಡೆಯುಂಟು. ಅವನ ಕುಲವನ್ನಾಗಲಿ ಮತವನ್ನಾಗಲಿ ಅಲ್ಲಿ ಕೇಳತಕ್ಕುದಲ್ಲ. ಆ ಎಡೆಯನ್ನು ಯಾವ ಪ್ರಭುವಾದರೂ ಕಿತ್ತುಕೊಳ್ಳಲು ಬಂದರೆ, ನಮ್ಮವನಲ್ಲದವನ ಪರವಾಗಿಯೂ ನುಡಿಯುವ ಧೈರ್ಯವು ನಮಗಿರಲಿ. ಅಂತಹ ನುಡಿಯೇ ಮಠಕ್ಕೆ ನಿಜವಾದ ಉತ್ಸವವೆಂದು ಬಿನ್ನವಿಸಿ ವಿರಮಿಸುವೆನು.