ನಾರಾದಲ್ಲಿ ಕೇಳಿದ ಕಾಗುಣಿತ

ಜಪಾನಿನ ನಾರಾ ಎಂಟನೆಯ ಶತಮಾನದ ಬಹುಭಾಗ ಆ ದೇಶದ ರಾಜಧಾನಿಯಾಗಿತ್ತು. ಈಗ ಅದು ಜಿಂಕೆಗಳ ಊರು. ಅಲ್ಲಿನ ಉದ್ಯಾನದಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆಗಳು ಯಾರ ಹಂಗೂ ಇಲ್ಲದೆ ಅಡ್ಡಾಡುತ್ತವೆ. ಬಿಸ್ಕತ್ತು ಹಿಡಿದವರ ಮುಂದೆ ತಲೆ ಬಾಗಿಸುತ್ತವೆ. ಕೊಡುವುದು ತಡವಾದರೆ ಅಂಗಿಯ ಚುಂಗು ಎಳೆಯುವುದೂ ಉಂಟು. ನಮ್ಮ ಕಾಲೇಜಿನ ಹದಿನಾರು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದ ನನಗೆ ಆ ಊರಿನಲ್ಲಿ ದೊರೆತದ್ದು ಒಂದೇ ದಿನ.

ಬೆಳಿಗ್ಗೆ ತೋದಾಯ್‌ಜಿ ದೇವಾಲಯಕ್ಕೆ ಹೋದೆವು. ಮರದಿಂದ ಕಟ್ಟಿದ ಮಹಾಮಂದಿರ ಅದು. 1180ರಲ್ಲಿ ಒಮ್ಮೆ, 1567ರಲ್ಲಿ ಮತ್ತೊಮ್ಮೆ ಯುದ್ಧದ ಬೆಂಕಿಗೆ ಆಹುತಿಯಾಯಿತು. ಈಗ ನಿಂತಿರುವುದು 1709ರಲ್ಲಿ ಮುಗಿದದ್ದು, ಮೊದಲಿನದಕ್ಕಿಂತ ಅಗಲದಲ್ಲಿ ಕಿರಿದು. ಒಳಗೆ ಸುಮಾರು 15 ಮೀಟರ್ ಎತ್ತರದ ಕಂಚಿನ ವೈರೋಚನ ಬುದ್ಧ ಕುಳಿತಿದ್ದಾನೆ. ನಮಗೆ ದಾರಿ ತೋರಲು ಬಂದಿದ್ದ ಅಲ್ಲಿಯ ವಿದ್ಯಾರ್ಥಿನಿಯೊಬ್ಬಳು ಹೇಳಿದಳು: "ಈ ಮೂರ್ತಿಗೆ ಕಣ್ಣು ಬರೆದವರು ನಿಮ್ಮ ದೇಶದವರು."

ಆತನ ಹೆಸರು ಬೋಧಿಸೇನ. ಚೀನದ ಮಾರ್ಗವಾಗಿ 736ರಲ್ಲಿ ಜಪಾನಿಗೆ ಬಂದ ಭಿಕ್ಷು. 752ರಲ್ಲಿ ನಡೆದ ನೇತ್ರೋನ್ಮೀಲನದ ದಿನ ಆತನ ಕೈಯ ಕುಂಚಕ್ಕೆ ಉದ್ದವಾದ ರೇಷ್ಮೆಯ ದಾರ ಕಟ್ಟಿ, ನೆರೆದವರು ಅದನ್ನು ಹಿಡಿದು ನಿಂತಿದ್ದರಂತೆ. ಕಣ್ಣು ಬರೆದ ಪುಣ್ಯದಲ್ಲಿ ಅವರಿಗೂ ಪಾಲು! ಆ ಕುಂಚ, ಆ ದಾರ ಎರಡೂ ಷೋಸೋಯಿನ್ ಎಂಬ ಭಂಡಾರದಲ್ಲಿ ಇಂದಿಗೂ ಇವೆ. ಬೆಂಕಿಯಲ್ಲಿ ಹಾಳಾದ ಮೂರ್ತಿಯನ್ನು ಸರಿಪಡಿಸಿ 1185ರಲ್ಲಿ ಮತ್ತೆ ಕಣ್ಣು ಬರೆದಾಗ ಬಳಸಿದ್ದೂ ಅದೇ ಕುಂಚವನ್ನೇ.

ನಮ್ಮ ಹುಡುಗನೊಬ್ಬ ಉಬ್ಬಿಹೋದ. "ನೋಡಿ ಸಾರ್, ಎಲ್ಲ ನಮ್ಮಿಂದಲೇ ಹೋದದ್ದು!" ಎಂದ. ವಿದ್ಯಾರ್ಥಿನಿ ಬಹು ವಿನಯದಿಂದ, "ನಿಮ್ಮಲ್ಲಿ ಅವರನ್ನು ಹೇಗೆ ನೆನೆಯುತ್ತಾರೆ?" ಎಂದು ಕೇಳಿದಳು. ಆ ಬೆಳಗಿನವರೆಗೆ ನಮ್ಮ ಹದಿನಾರು ಮಂದಿಯಲ್ಲಿ ಒಬ್ಬರೂ ಆ ಹೆಸರನ್ನು ಕೇಳಿರಲಿಲ್ಲ. ಹುಡುಗ ಹೊರಗಿನ ಜಿಂಕೆಗಳ ಕಡೆ ನೋಡತೊಡಗಿದ.

ಮಧ್ಯಾಹ್ನ ಮಳೆ ಬಂತು. ನಿಲ್ದಾಣದ ಹತ್ತಿರದ ಕಾಗದ, ಪೆನ್ನುಗಳ ಅಂಗಡಿಯೊಂದರಲ್ಲಿ ನಿಂತೆವು. ಗೋಡೆಯ ಮೇಲೆ ಮಕ್ಕಳ ಅಕ್ಷರಗಳ ಪಟವೊಂದು ತೂಗುತ್ತಿತ್ತು. ಓದಿ ಹೇಳೆಂದು ಕೇಳಿದಾಗ ಆಕೆ ಬಲದಿಂದ ಎಡಕ್ಕೆ, ಮೇಲಿನಿಂದ ಕೆಳಕ್ಕೆ ಬೆರಳಾಡಿಸುತ್ತ ಓದಿದಳು: ಅ, ಇ, ಉ, ಎ, ಒ, ಕ, ಕಿ, ಕು, ಕೆ, ಕೊ. ನಮ್ಮ ಹುಡುಗಿಯರು ಒಬ್ಬರ ಮುಖವನ್ನೊಬ್ಬರು ನೋಡಿದರು. ಇದು ನಮ್ಮ ಕಾಗುಣಿತವಲ್ಲವೆ!

ಸಾಲುಗಳ ಕ್ರಮವೂ ಹಾಗೆಯೇ: ಕ, ಸ, ತ, ನ, ಹ, ಮ, ಯ, ರ, ವ. ಚವರ್ಗದ ಜಾಗದಲ್ಲಿ ಸ ಕುಳಿತಿದೆ. ಟವರ್ಗ ಆ ಭಾಷೆಗೆ ಬೇಕಾಗಲಿಲ್ಲ. ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಮ್ ಲಿಪಿಯನ್ನು ಕಲಿತ ಬೌದ್ಧ ಭಿಕ್ಷುಗಳ ವಿದ್ಯೆಯಿಂದ ಈ ಕ್ರಮ ಬೆಳೆಯಿತು. ಆದರೆ ಅಕ್ಷರಗಳ ರೂಪ ಚೀನೀ ಬರಹದಿಂದ ಮೂಡಿದ್ದು, ನುಡಿಯಂತೂ ಅವರದೇ.

ಪವರ್ಗದ ಜಾಗದಲ್ಲಿ ಹಕಾರವೇಕೆ? ಪ್ರಾಚೀನ ಜಪಾನಿಯಲ್ಲಿ ಅದು ಪಕಾರವೇ ಆಗಿತ್ತು; ಕಾಲಕ್ರಮದಲ್ಲಿ ಹಕಾರವಾಯಿತು. ಹಳಗನ್ನಡದ ಪಾಲು ಹಾಲಾದಂತೆ, ಪೂ ಹೂವಾದಂತೆ! ಹೂವಿಗೆ ಅವರ ಮಾತು 'ಹನ', ಹಿಂದೆ 'ಪನ'. ಇದರಿಂದ ಎರಡು ಭಾಷೆಗಳಿಗೆ ನಂಟು ಕಲ್ಪಿಸುವ ಉತ್ಸಾಹ ನನಗಿಲ್ಲ; ಎರಡು ಊರುಗಳ ತುಟಿಗಳು ಬೇರೆ ಬೇರೆಯಾಗಿಯೇ ಒಂದೇ ರೀತಿ ಸಡಿಲವಾದವು, ಅಷ್ಟೆ. ಆದರೂ ಹಳಗನ್ನಡದ ಪಾಠದಲ್ಲಿ ಆಕಳಿಸುತ್ತಿದ್ದ ಹುಡುಗರು ಆ ಅಂಗಡಿಯಲ್ಲಿ ನನ್ನನ್ನು ಪ್ರಶ್ನೆಗಳಿಂದ ಮುತ್ತಿಬಿಟ್ಟರು.

ಬೆಳಿಗ್ಗೆ ಉಬ್ಬಿದ್ದ ಹುಡುಗ ತನ್ನ ಟಿಪ್ಪಣಿ ಪುಸ್ತಕದಲ್ಲಿ ಕನ್ನಡ ವರ್ಣಮಾಲೆಯನ್ನು ಬರೆದು ಆಕೆಗೆ ತೋರಿಸಿದ. ಅವಳು ಒಂದೊಂದನ್ನೂ ಉಚ್ಚರಿಸುತ್ತ ಬಂದು ಙಕಾರದ ಮೇಲೆ ಬೆರಳಿಟ್ಟು, "ಇದರಿಂದ ಆರಂಭವಾಗುವ ಒಂದು ಪದ ಹೇಳಿ" ಎಂದಳು. ಹುಡುಗ ನನ್ನ ಮುಖ ನೋಡಿದ. ಅಷ್ಟರಲ್ಲಿ ಮಳೆ ನಿಂತಿತ್ತು. ರೈಲಿನ ಹೊತ್ತಾಯಿತೆಂದು ನಾನು ಎಲ್ಲರನ್ನೂ ಹೊರಡಿಸಿದೆ.