ಕುಲಮದ ಮತ್ತು ವಂಶವಾಹಿ ಪರೀಕ್ಷೆ
(ಮುಲುಂಡ್‌ನ ಜೈನ ಕುಟುಂಬಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮುಲುಂಡ್‌ನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಜ್ಜಿ ಕಾರ್ಕಳದ ಕಡೆಯವರು, ಸೊಸೆ ಬೆಳಗಾವಿ ಜಿಲ್ಲೆಯ ಪಂಚಮರ ಮನೆತನದವಳು, ನೆರೆಮನೆ ಕಛ್‌ನಿಂದ ಬಂದ ಓಸವಾಲರದು. ಮೊಮ್ಮಗಳು ಸಣ್ಣ ಕೊಳವೆಯಲ್ಲಿ ಎಂಜಲನ್ನು ತುಂಬಿಸಿ ವಂಶಮೂಲ ತಿಳಿಸುವ ಕಂಪನಿಯೊಂದಕ್ಕೆ ಕಳುಹಿಸುತ್ತಾಳೆ. ಕೆಲವು ವಾರಗಳ ಬಳಿಕ ಮೊಬೈಲಿಗೆ ಬಣ್ಣಬಣ್ಣದ ಭೂಪಟ ಬರುತ್ತದೆ: ದಕ್ಷಿಣ ಭಾರತ ಇಷ್ಟು, ವಾಯವ್ಯ ಭಾರತ ಇಷ್ಟು, ಕೊನೆಯಲ್ಲಿ ಮಧ್ಯ ಏಷ್ಯಾ ಶೇ. 3. "ಇದೇನು ಮಗಾ, ನಮ್ಮ ರಕ್ತದಲ್ಲಿ ತುರುಕರೇ?" ಎಂದು ಅಜ್ಜಿ ಕೇಳುತ್ತಾರೆ. ಮಗಳ ಮದುವೆಯ ಮಾತುಕತೆ ನಡೆಯುತ್ತಿರುವ ಹೊತ್ತು. ತಾಯಿ ಮೊಬೈಲನ್ನು ಕಸಿದುಕೊಂಡು, ಈ ವಿಷಯ ಹೊರಗೆ ಬಾಯಿಬಿಡಬಾರದೆಂದು ಎಚ್ಚರಿಸುತ್ತಾಳೆ.

ಈ ಮನೆ ಕಲ್ಪಿತವಾದರೂ ಆ ಭಯ ಕಲ್ಪಿತವಲ್ಲ. ಆದ್ದರಿಂದ ಆ ಮೂರು ಶೇಕಡಾ ಎಂದರೇನೆಂಬುದನ್ನು ಮೊದಲು ವಿಚಾರಿಸಬೇಕು.

ಕಂಪನಿಯ ಬಳಿ ಯಾರ ಪೂರ್ವಜರ ದಾಖಲೆಯೂ ಇರುವುದಿಲ್ಲ. ಅದರ ಬಳಿ ಇರುವುದು ಇಂದು ಬದುಕಿರುವ ಕೆಲವು ಸಾವಿರ ಜನರ ಮಾದರಿಗಳು ಮಾತ್ರ. ಹೊಸದಾಗಿ ಬಂದ ವಂಶವಾಹಿಯ ತುಣುಕುಗಳನ್ನು ಆ ಮಾದರಿಗಳೊಂದಿಗೆ ಹೋಲಿಸಿ, ಯಾವ ತುಣುಕು ಯಾರದನ್ನು ಹೆಚ್ಚು ಹೋಲುತ್ತದೆಂದು ಅಂದಾಜು ಕಟ್ಟಲಾಗುತ್ತದೆ. ಮಾದರಿಗಳ ಪಟ್ಟಿ ಬದಲಾದರೆ ಅದೇ ಎಂಜಲಿನ ಶೇಕಡಾವಾರು ಬದಲಾಗುತ್ತದೆ. ಕಳೆದ ವರ್ಷ ಶೇ. 3 ಇದ್ದ ಮಧ್ಯ ಏಷ್ಯಾ ಈ ವರ್ಷ ಮಾಯವಾದರೆ, ಪೂರ್ವಜರು ಊರು ಬದಲಿಸಿದರೆಂದು ಅರ್ಥವಲ್ಲ!

ಅದಕ್ಕಿಂತ ಮುಖ್ಯವಾದುದು ಕಾಲದ ಪ್ರಶ್ನೆ. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ವಾಘೀಶ್ ನರಸಿಂಹನ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ಯುರೇಷಿಯಾದ ಹುಲ್ಲುಗಾವಲುಗಳ ಪಶುಪಾಲಕರ ವಂಶವಾಹಿ ಭಾರತಕ್ಕೆ ಬಂದದ್ದು ಕ್ರಿ. ಪೂ. 2000ದ ನಂತರದ ಕೆಲವು ಶತಮಾನಗಳಲ್ಲಿ. ಅದರ ಅಂಶ ಇಂದು ಬಹುಪಾಲು ಭಾರತೀಯರಲ್ಲಿ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಇದೆ. ತುರ್ಕರೆಂಬ ಹೆಸರಿನ ಮೊದಲ ದೊಡ್ಡ ರಾಜ್ಯ ಮಂಗೋಲಿಯಾದ ಬಯಲಿನಲ್ಲಿ ತಲೆಯೆತ್ತಿದ್ದು ಕ್ರಿ. ಶ. 552ರಲ್ಲಿ. ಎರಡರ ನಡುವೆ ಸುಮಾರು ಎರಡು ಸಾವಿರ ವರ್ಷಗಳ ಅಂತರವಿದೆ. 'ಮಧ್ಯ ಏಷ್ಯಾ' ಎಂಬ ಚೀಟಿಯನ್ನು ಕಂಡೊಡನೆ ಸುಲ್ತಾನರ ಕುದುರೆಗಳು ನೆನಪಿಗೆ ಬರುವುದು ಶಾಲೆಯ ಚರಿತ್ರೆ ಪುಸ್ತಕದ ಪ್ರಭಾವವೇ ಹೊರತು ವಿಜ್ಞಾನದ ಮಾತಲ್ಲ.

ಹಾಗಾದರೆ ತುರ್ಕರಲ್ಲಿಯಾದರೂ ತುರ್ಕ ರಕ್ತವೆಂಬುದು ಇದೆಯೇ? ಇದು ಸ್ವಾರಸ್ಯಕರವಾದ ವಿಷಯ. 2015ರಲ್ಲಿ ಬಯಾಜಿತ್ ಯೂನುಸ್ಬಾಯೆವ್ ಮತ್ತು ಸಂಗಡಿಗರು ತುರ್ಕಿಕ್ ಭಾಷೆಗಳನ್ನಾಡುವ ಅನೇಕ ಜನಾಂಗಗಳನ್ನು ಪರೀಕ್ಷಿಸಿದರು. ಅವರಲ್ಲಿ ಹೆಚ್ಚಿನವರು ವಂಶವಾಹಿಯಲ್ಲಿ ಹೋಲುವುದು ಪರಸ್ಪರರನ್ನಲ್ಲ, ತಮ್ಮ ನೆರೆಹೊರೆಯ ಅನ್ಯಭಾಷಿಕರನ್ನು ಎಂದು ಕಂಡುಬಂತು. ಸೈಬೀರಿಯಾ–ಮಂಗೋಲಿಯಾ ಕಡೆಯ ಮೂಲದ ಎಳೆಯೊಂದು ಹಲವರಲ್ಲಿ ಇದೆ, ಆದರೆ ಅದು ಎಳೆ ಮಾತ್ರ. ಟರ್ಕಿಯ ಜನರಲ್ಲಿ ಹೆಚ್ಚಿನ ಪಾಲು ಅನಾಟೋಲಿಯಾ ಮತ್ತು ಅದರ ಸುತ್ತಲಿನ ಹಳೆಯ ಜನರದೇ. ಭಾಷೆ, ಹೆಸರು, ರಾಜ್ಯ ಹಬ್ಬಿದಷ್ಟು ರಕ್ತ ಹಬ್ಬಲಿಲ್ಲ. 2018ರ ಫೆಬ್ರವರಿಯಲ್ಲಿ ಆ ದೇಶದ ಸರಕಾರ ನಾಗರಿಕರಿಗೆ ತಮ್ಮ ವಂಶಾವಳಿಯ ದಾಖಲೆಯನ್ನು ಅಂತರ್ಜಾಲದಲ್ಲಿ ನೋಡಲು ಅವಕಾಶ ಕೊಟ್ಟಾಗ, ಜನರ ನುಗ್ಗಾಟಕ್ಕೆ ವ್ಯವಸ್ಥೆಯೇ ಕುಸಿದುಬಿತ್ತು. ತಾವು ಅಪ್ಪಟ ತುರ್ಕರೆಂದು ನಂಬಿದ್ದ ಅನೇಕರಿಗೆ ಬಾಲ್ಕನ್, ಕಕೇಶಸ್, ಅರ್ಮೇನಿಯಾ ಮೂಲದ ಅಜ್ಜಿಯರು ಸಿಕ್ಕರು.

ಕರ್ನಾಟಕದಲ್ಲಿಯೂ ಇದೇ ಬಗೆ. ಬಿಜಾಪುರದ ಯೂಸುಫ್ ಆದಿಲ್ ಶಾಹ ತುರ್ಕಿಯ ಸುಲ್ತಾನನ ಮಗನೆಂದು ಫಿರಿಶ್ತಾ ಕಥೆ ಹೇಳಿದ. ಇತಿಹಾಸಕಾರರು ಅದನ್ನು ಒಪ್ಪಲು ಹಿಂಜರಿಯುತ್ತಾರೆ. ವಿಜಯನಗರದ ಅರಸರು 'ಹಿಂದೂರಾಯ ಸುರತ್ರಾಣ' ಎಂಬ ಬಿರುದನ್ನು ಧರಿಸಿದರು, ಸುರತ್ರಾಣವೆಂದರೆ ಸುಲ್ತಾನನೇ. ತೋಪು, ಬಹದ್ದೂರ್ ಎಂಬ ಮಾತುಗಳು ಮಧ್ಯ ಏಷ್ಯಾದ ಕಡೆಯಿಂದ ಕನ್ನಡಕ್ಕೆ ಬಂದು ನೆಲಸಿದವು. ಅವುಗಳನ್ನಾಡುವವರ ರಕ್ತವನ್ನು ಯಾರೂ ಪರೀಕ್ಷಿಸಲಿಲ್ಲ.

ಜೈನ ಪರಂಪರೆಯಾದರೂ ಹೊರಗಿನವರನ್ನು ಕಂಡು ಹೀಗೆ ಬೆಚ್ಚಿದ್ದಿಲ್ಲ. ಉಜ್ಜಯಿನಿಯ ಗರ್ದಭಿಲ್ಲನ ಅನ್ಯಾಯದ ವಿರುದ್ಧ ಶಕರನ್ನು ಕರೆತಂದವನು ಕಾಲಕಾಚಾರ್ಯನೆಂದು ಶ್ವೇತಾಂಬರ ಕಥೆಗಳು ಹೇಳುತ್ತವೆ. ಕ್ರಿ. ಶ. 779ರಲ್ಲಿ ಜಾಲೋರಿನಲ್ಲಿ 'ಕುವಲಯಮಾಲಾ' ರಚಿಸಿದ ಉದ್ಯೋತನಸೂರಿ, ಚಂದ್ರಭಾಗಾ ತೀರದಲ್ಲಿ ಆಳುತ್ತಿದ್ದ ತೋರರಾಯನಿಗೆ ಹರಿಗುಪ್ತನೆಂಬ ಜೈನಾಚಾರ್ಯ ಗುರುವಾಗಿದ್ದನೆಂದು ಬರೆದಿದ್ದಾನೆ. ಈ ತೋರರಾಯ ಹೂಣರ ಅರಸ ತೋರಮಾಣನೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅದೇ ಗ್ರಂಥ ನಾನಾ ದೇಶದ ವರ್ತಕರನ್ನು ವರ್ಣಿಸುವಾಗ ಕರ್ಣಾಟರನ್ನೂ ಮರೆತಿಲ್ಲ.

ಕನ್ನಡನಾಡಿಗೆ ಬಂದರೆ, ಹುಂಚದ ಸಾಂತರರು ತಮ್ಮ ಮೂಲಪುರುಷ ಜಿನದತ್ತರಾಯ ಉತ್ತರ ಮಧುರೆಯಿಂದ ಬಂದನೆಂದು ಹೇಳಿಕೊಂಡರು. ಕಾರ್ಕಳದ ಭೈರರಸರು ಅದೇ ಕುಲದ ಹೆಮ್ಮೆಯನ್ನು ಮುಂದುವರಿಸಿದರು. ಈ ಬಗೆಯ ವಂಶಕಥೆಗಳನ್ನು ವಂಶವಾಹಿ ಪರೀಕ್ಷೆಯಿಂದ ಸಾಧಿಸಿ ತೋರಿಸುವ ಉತ್ಸಾಹ ಈಗ ಹುಟ್ಟಿದೆ. ಗಂಡಸರಲ್ಲಿರುವ ವೈ ವರ್ಣತಂತು ತಂದೆಯ ತಂದೆಯ ತಂದೆ ಎಂಬ ಒಂದೇ ಸಾಲನ್ನು ಹಿಡಿಯುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬರ ವಂಶವೃಕ್ಷದಲ್ಲಿ 1024 ಸ್ಥಾನಗಳಿವೆ. ಈ ಪರೀಕ್ಷೆ ಅವರಲ್ಲಿ ಒಬ್ಬನನ್ನು ಮಾತ್ರ ತೋರಿಸಿ, ಉಳಿದ 1023 ಮಂದಿಯ ಬಗೆಗೆ ಮೌನವಾಗಿರುತ್ತದೆ. ಅದೂ ತುಳುನಾಡಿನ ಜೈನರಲ್ಲಿ ಬಳಿ ಬರುವುದು ತಾಯಿಯಿಂದ, ಆಸ್ತಿ ನಡೆದುದು ಅಳಿಯಸಂತಾನದಂತೆ. ಶತಮಾನಗಳ ಕಾಲ ಕುಲವನ್ನು ತಾಯಿಯಿಂದ ಎಣಿಸಿದ ಮನೆತನದವರು ಇಂದು ಹಣ ಕೊಟ್ಟು ತಂದೆಯ ಸಾಲನ್ನು ಪರೀಕ್ಷಿಸಿ, "ಇದೇ ನಮ್ಮ ಕುಲ" ಎನ್ನುವುದು ವಿಚಿತ್ರವೇ ಸರಿ.

ಇನ್ನು ಆದಿಕವಿ ಪಂಪನ ಮನೆತನ. ಅವನ ಪೂರ್ವಜರು ವೆಂಗಿ ನಾಡಿನ ವೈದಿಕ ಬ್ರಾಹ್ಮಣರು. ಜಿನಧರ್ಮವನ್ನು ಸ್ವೀಕರಿಸಿದವನು ಅವನ ತಂದೆ. ಹೊಯ್ಸಳರ ಪಟ್ಟಮಹಿಷಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಇಂದಿನ ವಧೂವರ ಸಮಾವೇಶದ ಅರ್ಜಿಯನ್ನು ಈ ಎರಡು ಮನೆಯವರು ತುಂಬಿದ್ದರೆ ಎಷ್ಟು ಮಂದಿ ಅದನ್ನು ಬದಿಗೆ ಸರಿಸುತ್ತಿದ್ದರೋ! ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಎಂಟು ಮದಗಳನ್ನು ಎಣಿಸುವಾಗ ಕುಲಮದ, ಜಾತಿಮದಗಳನ್ನು ಬೇರೆಬೇರೆಯಾಗಿಯೇ ಹೇಳಲಾಗಿದೆ. ದಶಲಕ್ಷಣ ಪರ್ವದಲ್ಲಿ ಉತ್ತಮ ಮಾರ್ದವದ ದಿನ ಅದನ್ನು ಓದಿ, ಮರುದಿನವೇ ಚತುರ್ಥರ ಹುಡುಗ ಪಂಚಮರ ಹುಡುಗಿಗೆ ಬೇಡವೆನ್ನುವ ಮನೆಗಳು ಇಂದಿಗೂ ಇವೆ. 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾಗಿ ಒಂದೂಕಾಲು ಶತಮಾನ ಕಳೆದ ಮೇಲೂ ಈ ಸ್ಥಿತಿ. 2011ರ ಜನಗಣತಿಯಂತೆ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ 4.4 ಲಕ್ಷ. 2014ರಲ್ಲಿ ಅಲ್ಪಸಂಖ್ಯಾತ ಸ್ಥಾನವನ್ನು ಪಡೆಯುವಾಗ ಎಲ್ಲರೂ ಒಂದೇ ಸಮಾಜ. ಮದುವೆಯ ಮಾತು ಬಂದಾಗ ಮಾತ್ರ ಹತ್ತಾರು ಸಮಾಜ.

ವಂಶವಾಹಿ ವಿಜ್ಞಾನ ನಿಜವಾಗಿ ಮಾತನಾಡಬಲ್ಲದ್ದು ಇಲ್ಲಿಯೇ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ತಂಗರಾಜ್, ಲಾಲ್ಜಿ ಸಿಂಗ್ ಅವರೂ ಅಮೆರಿಕದ ಡೇವಿಡ್ ರೈಕ್ ಅವರೂ ಕೂಡಿ ನಡೆಸಿದ ಅಧ್ಯಯನಗಳು ತಿಳಿಸಿದಂತೆ, ಭಾರತದ ಬಹುತೇಕ ಎಲ್ಲ ಸಮುದಾಯಗಳೂ ಮಿಶ್ರಮೂಲದವು. ಆ ಬೆರಕೆ ಸುಮಾರು 4200ರಿಂದ 1900 ವರ್ಷಗಳ ಹಿಂದೆ ಧಾರಾಳವಾಗಿ ನಡೆಯಿತು. ಬಳಿಕ ಒಳಮದುವೆಯ ಬಾಗಿಲು ಮುಚ್ಚಿತು. 2017ರ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ಪರಿಶೀಲಿಸಿದಾಗ, 81 ಸಮುದಾಯಗಳಲ್ಲಿ ಕೆಲವೇ ಪೂರ್ವಜರಿಂದ ಇಡೀ ಸಮುದಾಯ ಹಬ್ಬಿದ ಗುರುತು ಫಿನ್ಲೆಂಡಿನ ಜನರಲ್ಲಿ, ಯುರೋಪಿನ ಯೆಹೂದಿಗಳಲ್ಲಿ ಇರುವುದಕ್ಕಿಂತಲೂ ಗಾಢವಾಗಿತ್ತು. ಇದರ ಪರಿಣಾಮವನ್ನು ಆಂಧ್ರದ ವೈಶ್ಯರಲ್ಲಿ ವೈದ್ಯರು ಬಹಳ ಹಿಂದೆಯೇ ಕಂಡಿದ್ದರು. ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ಕೊಡುವ ಔಷಧಿಯೊಂದರ ಪರಿಣಾಮ ನಿಮಿಷಗಳಲ್ಲಿ ಇಳಿಯಬೇಕು. ಅದನ್ನು ಒಡೆಯುವ ಕಿಣ್ವದ ಕೊರತೆ ಆ ಸಮುದಾಯದಲ್ಲಿ ಹೆಚ್ಚಾದುದರಿಂದ, ಕೆಲವರಿಗೆ ಗಂಟೆಗಟ್ಟಲೆ ಉಸಿರಾಟ ಮರಳುವುದಿಲ್ಲ.

ಮುಲುಂಡ್‌ನ ನೆರೆಹೊರೆಯಲ್ಲಿಯೇ ಇನ್ನೊಂದು ಉದಾಹರಣೆಯಿದೆ. ಲೋಹಾಣಾ, ಕಛ್ಛೀ ಭಾನುಶಾಲಿ, ಸಿಂಧಿ ಸಮುದಾಯಗಳಲ್ಲಿ ಬೀಟಾ ಥಲಸೀಮಿಯಾದ ವಾಹಕರು ಹೆಚ್ಚೆಂಬುದು ಮುಂಬಯಿಯ ವೈದ್ಯರಿಗೆ ಚೆನ್ನಾಗಿ ತಿಳಿದ ಸಂಗತಿ. ವಾಹಕರಿಗೆ ಯಾವ ತೊಂದರೆಯೂ ಕಾಣಿಸುವುದಿಲ್ಲ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ: ಆ ಮಗುವಿಗೆ ಎರಡು ಮೂರು ವಾರಗಳಿಗೊಮ್ಮೆ ರಕ್ತ ಕೊಡಿಸುತ್ತಿರಬೇಕು. ಇದನ್ನು ಪತ್ತೆಹಚ್ಚಲು ಬಣ್ಣದ ಭೂಪಟ ಬೇಕಾಗಿಲ್ಲ. ಸಾಧಾರಣ ಪ್ರಯೋಗಾಲಯದಲ್ಲಿ ಎಚ್‌ಬಿಎ2 ಪ್ರಮಾಣವನ್ನು ಅಳೆಯುವ ಒಂದು ರಕ್ತಪರೀಕ್ಷೆ ಸಾಕು.

ವಂಶಮೂಲದ ಪರೀಕ್ಷೆ ಮಾಡಿಸಬಾರದೆಂದಲ್ಲ, ಕುತೂಹಲ ಪಾಪವಲ್ಲ. ಆದರೆ ಒಬ್ಬಳು ಕೊಟ್ಟ ಎಂಜಲಿನಲ್ಲಿ ಅವಳ ಅಣ್ಣತಮ್ಮಂದಿರ, ಚಿಕ್ಕಮ್ಮನ ಮಕ್ಕಳ ಗುಟ್ಟೂ ಇರುತ್ತದೆ. ಈ ವ್ಯಾಪಾರದ ದೊಡ್ಡ ಹೆಸರಾದ ಅಮೆರಿಕದ 23ಆಂಡ್‌ಮಿ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಸೋರಿಹೋಯಿತು; 2025ರ ಮಾರ್ಚಿನಲ್ಲಿ ಆ ಕಂಪನಿ ದಿವಾಳಿ ಅರ್ಜಿಯನ್ನೂ ಸಲ್ಲಿಸಿತು. ಕೊಡುವ ಮುನ್ನ ಮನೆಯವರನ್ನು ಒಂದು ಮಾತು ಕೇಳುವುದು ಉಚಿತ.

ಮುಂದಿನ ವಧೂವರ ಪುಸ್ತಿಕೆಯ ನಮೂನೆ ಸಿದ್ಧವಾಗುವಾಗ ಗೋತ್ರ, ಬಳಿ, ಉಪಜಾತಿ, ನಕ್ಷತ್ರಗಳಿಗೆ ಒಂದೊಂದು ಸಾಲು ಇದ್ದೇ ಇರುತ್ತದೆ. ಉಪಜಾತಿಯ ಸಾಲನ್ನು ತೆಗೆದು, ಥಲಸೀಮಿಯಾ ಪರೀಕ್ಷೆ ಮಾಡಿಸಲಾಗಿದೆಯೇ ಎಂಬ ಸಾಲನ್ನು ಆ ಜಾಗದಲ್ಲಿ ಸೇರಿಸಬೇಕೆಂಬ ಸಲಹೆಯನ್ನು ಈ ಸಭೆಯ ಮುಂದಿಡಲಾಗಿದೆ.