ಬರಗಾಲದಲ್ಲೂ ಬದುಕುವ ಗಡ್ಡೆ



2019ರಲ್ಲಿ ಅಮೆರಿಕದ ಒಂದು ಚಿಕಿತ್ಸಾ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬೇರೆ ಅಂಗಗಳಿಗೂ ಹರಡಿದ್ದ 112 ರೋಗಿಗಳು. ಎಲ್ಲರಿಗೂ ರೂಢಿಯ ಕಿಮೊಥೆರಪಿ; ಅವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಅದರ ಜೊತೆ ದಿನಕ್ಕೆರಡು ಹೊತ್ತು 600 ಮಿಲಿಗ್ರಾಂ ಹೈಡ್ರಾಕ್ಸಿಕ್ಲೋರೋಕ್ವಿನ್. ಮಾತ್ರೆ ನುಂಗಿದವರಲ್ಲಿ ಶೇ 38ರಷ್ಟು ಮಂದಿಯ ಗಡ್ಡೆ ಕುಗ್ಗಿತು, ನುಂಗದವರಲ್ಲಿ ಶೇ 21. ಆದರೆ ವರ್ಷ ಕಳೆದ ಮೇಲೆ ಬದುಕಿದ್ದವರು? ಮಾತ್ರೆಯ ಗುಂಪಿನಲ್ಲಿ ಶೇ 41, ಇನ್ನೊಂದರಲ್ಲಿ ಶೇ 49. ಗಡ್ಡೆ ಕರಗಿದರೂ ಆಯಸ್ಸು ಬೆಳೆಯಲಿಲ್ಲ.

ಮಲೇರಿಯಾಕ್ಕೂ ಕೀಲುವಾತಕ್ಕೂ ಕೊಡುವ, ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಓಡಾಡಿದ ಈ ಅಗ್ಗದ ಮಾತ್ರೆಗೂ ಕ್ಯಾನ್ಸರಿಗೂ ಎಲ್ಲಿಯ ನಂಟು?

ನಂಟಿನ ಹೆಸರು ಆಟೋಫಜಿ. ಬರಗಾಲದಲ್ಲಿ ಪಾತ್ರೆ–ಪಡಗ ಮಾರಿ ಹೊಟ್ಟೆ ಹೊರೆಯುವ ಸಂಸಾರದ ಹಾಗೆ, ಹಸಿದ ಜೀವಕೋಶ ತನ್ನದೇ ಹಳೆಯ ಪ್ರೋಟೀನು, ಕೆಟ್ಟ ಮೈಟೊಕಾಂಡ್ರಿಯಾಗಳನ್ನು ಪೊರೆಯಲ್ಲಿ ಸುತ್ತಿ, ಅರಗಿಸುವ ಚೀಲವಾದ ಲೈಸೋಸೋಮಿಗೆ ಸಾಗಿಸುತ್ತದೆ. ಅಲ್ಲಿನ ಆಮ್ಲೀಯ ವಾತಾವರಣದಲ್ಲಿ ಅವು ಬಿಡಿಬಿಡಿಯಾಗಿ ಮತ್ತೆ ಬಳಕೆಗೆ ಬರುತ್ತವೆ. ಬೆಲ್ಜಿಯಂನ ಕ್ರಿಸ್ಟಿಯನ್ ಡಿ ಡುವ್ 1963ರಲ್ಲೇ ಇದಕ್ಕೆ ಹೆಸರಿಟ್ಟಿದ್ದರು. ಆದರೆ ಅದನ್ನು ನಡೆಸುವ ಜೀನ್‌ಗಳು ಯಾವುವೆಂದು ಮೂರು ದಶಕ ಯಾರಿಗೂ ತಿಳಿಯಲಿಲ್ಲ.

1988ರಲ್ಲಿ ಟೋಕಿಯೋದಲ್ಲಿ ಸ್ವಂತ ಪ್ರಯೋಗಾಲಯ ತೆರೆದ ಯೊಶಿನೋರಿ ಓಸುಮಿ ಆಯ್ದುಕೊಂಡದ್ದು ಯೀಸ್ಟ್. ಬ್ರೆಡ್ಡನ್ನು ಉಬ್ಬಿಸುವ ಅದೇ ಯೀಸ್ಟ್! ಅರಗಿಸುವ ಕಿಣ್ವಗಳಿಲ್ಲದ ತಳಿಯನ್ನು ಅವರು ಉಪವಾಸ ಕೆಡವಿದರು. ಕೆಲವೇ ಗಂಟೆಗಳಲ್ಲಿ ಕೋಶದ ಒಳಚೀಲದಲ್ಲಿ ಅರಗದ ಪೊಟ್ಟಣಗಳು ರಾಶಿಬಿದ್ದು ಕುಣಿಯುವುದು ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಕಂಡಿತು. ಆಟೋಫಜಿ ನಿಂತುಹೋದ ಯೀಸ್ಟ್‌ಗಳನ್ನು ಹುಡುಕಿ 1993ರ ಹೊತ್ತಿಗೆ 15 ಜೀನ್‌ಗಳ ಸುಳಿವು ಹಿಡಿದರು. ಓಸುಮಿ ಆಗ ಹುಡುಕುತ್ತಿದ್ದದ್ದು ಕ್ಯಾನ್ಸರಿನ ಮದ್ದನ್ನಲ್ಲ, ಯೀಸ್ಟಿನ ಗುಟ್ಟನ್ನು. 2016ರಲ್ಲಿ ಅವರೊಬ್ಬರಿಗೇ ವೈದ್ಯಕೀಯ ನೊಬೆಲ್ ಬಂತು.

ಕ್ಯಾನ್ಸರಿನ ಅಂಗಳಕ್ಕೆ ಬರುತ್ತಲೇ ಕಥೆ ತೊಡಕಾಗುತ್ತದೆ. 1999ರಲ್ಲಿ ಬೆತ್ ಲೆವಿನ್ ಅವರ ತಂಡ ಬೆಕ್ಲಿನ್ 1 ಎಂಬ ಆಟೋಫಜಿ ಜೀನ್ ಗಡ್ಡೆಯನ್ನು ತಡೆಯುತ್ತದೆ ಎಂದು ತೋರಿಸಿತು. ಆ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ಕಳೆದ ಇಲಿಗಳಲ್ಲಿ ಗಡ್ಡೆಗಳು ತಾವಾಗಿಯೇ ಹುಟ್ಟಿದವು. ಕೋಶ ಶುಚಿಯಾಗಿದ್ದರೆ ಕ್ಯಾನ್ಸರ್ ದೂರ ಎಂಬ ನಂಬಿಕೆ ಗಟ್ಟಿಯಾಯಿತು. 2011ರಲ್ಲಿ ಐಲೀನ್ ವೈಟ್, ಅಲೆಕ್ ಕಿಮ್ಮೆಲ್‌ಮನ್ ಅವರ ತಂಡಗಳು ಇದಕ್ಕೆ ವಿರುದ್ಧವೆನಿಸುವುದನ್ನೇ ಕಂಡವು: ಒಮ್ಮೆ ಬೇರೂರಿದ ಮೇಲೆ ರಾಸ್ ಜೀನಿನ ದೋಷದಿಂದ ಬೆಳೆಯುವ ಗಡ್ಡೆಗಳೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರೂ ಬದುಕುವುದೇ ಆಟೋಫಜಿಯ ಬಲದಿಂದ. ರಕ್ತನಾಳ ವಿರಳವಾದ, ಆಹಾರ ಸಾಲದ ಗಡ್ಡೆಗೆ ಇದೇ ಕೂಳು. ಎರಡೂ ಫಲಿತಾಂಶ ನಿಜವೇ; ಹೊತ್ತು ಬೇರೆ, ಕೋಶ ಬೇರೆ. ಆಟೋಫಜಿ ಹೆಚ್ಚಿಸಿ ಕ್ಯಾನ್ಸರ್ ಓಡಿಸಿ ಎಂದು ಉಪವಾಸ ಮಾರುವವರು ಈ ಎರಡನೆಯ ಅರ್ಧವನ್ನು ಹೇಳುವುದೇ ಇಲ್ಲ.

ಹಾಗಾದರೆ ಪೂರ್ತಿ ನಿಲ್ಲಿಸಿಬಿಟ್ಟರೆ? ವೈಟ್ ಅವರ ತಂಡ ಬೆಳೆದ ಇಲಿಗಳ ಮೈಯಲ್ಲೆಲ್ಲ ಆಟೋಫಜಿಯನ್ನು ಆರಿಸಿ ನೋಡಿತು. 2014ರಲ್ಲಿ ಅದರ ವರದಿ ಬಂತು. ಶ್ವಾಸಕೋಶದ ಗಡ್ಡೆಗಳು ಕುಗ್ಗಿದವು. ಆದರೆ ಇಲಿಗಳು ಎರಡು–ಮೂರು ತಿಂಗಳಲ್ಲಿ ನರಗಳು ನಶಿಸಿ ಸತ್ತವು, ಆಹಾರ ತಪ್ಪಿಸಿದರೆ ದಿನದೊಳಗೇ ಸತ್ತವು. ಆದರೂ ಆರೋಗ್ಯವಂತ ಅಂಗಾಂಗಕ್ಕಿಂತ ಮೊದಲು ಸೋತದ್ದು ಗಡ್ಡೆ. ಆ ನಡುವಿನ ಕಿರಿದಾದ ಅವಧಿಯಲ್ಲೇ ಚಿಕಿತ್ಸೆಯ ಆಸೆ ನಿಂತಿದೆ.

ಹೈಡ್ರಾಕ್ಸಿಕ್ಲೋರೋಕ್ವಿನ್ ಲೈಸೋಸೋಮಿನ ಕೆಲಸ ಕೆಡಿಸಿ ಆಟೋಫಜಿಯ ಕೊನೆಯ ಹಂತವನ್ನು ತಡೆಯುತ್ತದೆ. ಅದು ಈ ಕೆಲಸಕ್ಕೆಂದೇ ಮಾಡಿದ ಔಷಧವಲ್ಲ, ಕೈಗೆ ಸಿಕ್ಕಿದ್ದು. 2014ರಲ್ಲಿ 20 ರೋಗಿಗಳಿಗೆ ಇದೊಂದನ್ನೇ ಕೊಟ್ಟಾಗ ಎರಡು ತಿಂಗಳ ನಂತರ ರೋಗ ಮುಂದುವರಿಯದೆ ಉಳಿದವರು ಇಬ್ಬರೇ. ಅವರ ರಕ್ತಕೋಶಗಳನ್ನು ಪರೀಕ್ಷಿಸಿದರೆ ಆಟೋಫಜಿ ಕೆಲವರಲ್ಲಿ ತಗ್ಗಿತ್ತು, ಕೆಲವರಲ್ಲಿ ಇಲ್ಲ. ಸೋತದ್ದು ವಿಚಾರವೋ ಮಾತ್ರೆಯೋ ಎಂಬುದು ಇದರಿಂದ ತೀರ್ಮಾನವಾಗುವುದಿಲ್ಲ.

ಕೆಲಸ ನಿಂತಿಲ್ಲ. 2020ರಲ್ಲಿ ಕಿಮ್ಮೆಲ್‌ಮನ್ ತಂಡ ಇನ್ನೊಂದು ಕುತೂಹಲದ ಸಂಗತಿ ಕಂಡಿತು: ರೋಗನಿರೋಧಕ ಕೋಶಗಳಿಗೆ ಗುರುತು ತೋರಿಸುವ ಎಂಎಚ್‌ಸಿ-1 ಅಣುಗಳನ್ನೂ ಮೇದೋಜೀರಕದ ಗಡ್ಡೆ ಆಟೋಫಜಿಯಿಂದಲೇ ಅರಗಿಸಿಕೊಂಡು ಮರೆಯಾಗುತ್ತದೆ. ಅಂದರೆ ಆಟೋಫಜಿ ತಡೆದರೆ ಇಮ್ಯುನೊಥೆರಪಿಗೆ ಬಾಗಿಲು ತೆರೆಯಬಹುದು. ಇಲಿಗಳಲ್ಲಿ ಹಾಗೆ ಆಗಿದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ಪ್ರಯೋಗಾಲಯವೂ ಓಸುಮಿಯವರಂತೆ ಯೀಸ್ಟ್ ಹಿಡಿದು ಆಟೋಫಜಿಯನ್ನು ಏರಿಸುವ, ಇಳಿಸುವ ಸಣ್ಣ ಅಣುಗಳನ್ನು ಹುಡುಕುತ್ತಿದೆ. ಕೊನೆಯ ಹಂತದ ಬದಲು ಮೊದಲ ಹೆಜ್ಜೆಯಲ್ಲೇ, ಯುಎಲ್‌ಕೆ-1 ಎಂಬ ಕಿಣ್ವದಲ್ಲೇ, ತಡೆಹಾಕುವ ಔಷಧ ಈಗಾಗಲೇ ರೋಗಿಗಳ ಮೇಲಿನ ಪ್ರಯೋಗಕ್ಕೆ ಬಂದಿದೆ. ಇಂಥ ಮದ್ದು ಯಾವ ರೋಗಿಗೆ, ರೋಗದ ಯಾವ ಹಂತದಲ್ಲಿ, ಎಷ್ಟು ದಿನ ಎಂದು ಬರೆಯಬೇಕಾದವರು ಈ ಘಟಿಕೋತ್ಸವದ ಸಭಾಂಗಣದಲ್ಲೇ ನಿಲುವಂಗಿ ತೊಟ್ಟು ಕುಳಿತಿರಬಹುದು.